ದೂರದ ಕೆಲಸಕ್ಕೆ ಯಾವ ಲೇಸರ್ ಕಿರಣ: ಬೊಟ್ಟು ಬೇಕೋ, ಗೆರೆ ಬೇಕೋ?

ಲೇಸರ್ ಅಂದರೆ ಹರಡದೆ ನೆಟ್ಟಗೆ ಹೋಗುವ ಬೆಳಕು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಮೇಜಿನ ಮೇಲೆ ಅದು ನಿಜವೇ. ಉದ್ದನೆಯ ಸುರಂಗದಲ್ಲಿ ನಿಜವಲ್ಲ. 1 ಮಿಲಿಮೀಟರ್ ತ್ರಿಜ್ಯದ ಕೆಂಪು ಹೀಲಿಯಂ-ನಿಯಾನ್ ಕಿರಣವನ್ನು 100 ಮೀಟರ್ ಆಚೆಯ ಗೋಡೆಗೆ ಬಿಟ್ಟು ನೋಡಿ. ಅಲ್ಲಿ ಬೀಳುವುದು 4 ಸೆಂಟಿಮೀಟರ್ ಅಗಲದ ಮಸುಕು ಬಿಲ್ಲೆ. ಅದರ ನಡುಬಿಂದು ಎಲ್ಲಿದೆ ಎಂದು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಖಚಿತವಾಗಿ ಹೇಳಬೇಕಾದವರಿಗೆ ತಲೆನೋವು ಶುರುವಾಗುವುದು ಇಲ್ಲಿಂದಲೇ.

ಈ ತಲೆನೋವಿಗೆ ಮದ್ದು ಎಂದು ಹೆಸರಾದವು ಸ್ಟ್ರಕ್ಚರ್ಡ್ ಕಿರಣಗಳು. ಇವುಗಳಲ್ಲಿ ಬೆಳಕಿನ ಅಡ್ಡಕೊಯ್ತಕ್ಕೆ ಒಂದು ಬೇಕೆಂದೇ ಕೊಟ್ಟ ರಚನೆ ಇರುತ್ತದೆ. ನಡುವೆ ಚೂಪಾದ ತಿರುಳು, ಸುತ್ತ ಉಂಗುರಗಳು ಇದ್ದರೆ ಬೆಸೆಲ್. ನಡುವೆ ಕತ್ತಲು, ಸುತ್ತ ಸುರುಳಿ ಇದ್ದರೆ ವೋರ್ಟೆಕ್ಸ್. ಹೋಗುತ್ತಾ ಹೋಗುತ್ತಾ ಬಾಗಿದರೆ ಅದರ ಹೆಸರು ಏರಿ (Airy). "ಹರಡುವುದೇ ಇಲ್ಲ", "ಅಡ್ಡ ಬಂದರೂ ತಾನೇ ವಾಸಿಯಾಗುತ್ತದೆ" ಎಂಬ ಮಾತುಗಳು ಇವುಗಳ ಸುತ್ತ ಓಡಾಡುತ್ತಿವೆ. ಮಾತು ಪೂರ್ತಿ ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಲ್ಲುತ್ತದೆ.

ಆಯ್ಕೆಗೆ ಕೂತಾಗ ನಾನು ಮೊದಲು ಕೇಳುವ ಪ್ರಶ್ನೆ ಕಿರಣದ ಹೆಸರಿನದ್ದಲ್ಲ, ಕೆಲಸದ್ದು. ನಿಮಗೆ ಬೇಕಾದದ್ದು ದೂರದ ಒಂದೇ ಜಾಗದಲ್ಲಿ ಬೊಟ್ಟೋ, ಇಲ್ಲಿಂದ ಅಲ್ಲಿಯವರೆಗೆ ಉದ್ದಕ್ಕೂ ತೆಳುವಾಗಿರುವ ಗೆರೆಯೋ? ದೂರದ ಗೋಪುರದ ಮೇಲಿನ ರಿಸೀವರಿಗೆ ಬೆಳಕು ತಲುಪಿಸುವುದು ಬೊಟ್ಟಿನ ಕೆಲಸ. ಸಾಲಾಗಿ ನಿಂತ ನಲವತ್ತು ಯಂತ್ರಭಾಗಗಳನ್ನು ಒಂದೇ ನೇರಕ್ಕೆ ತರುವುದು ಗೆರೆಯ ಕೆಲಸ. ಈ ಎರಡನ್ನು ಬೆರೆಸಿಕೊಂಡದ್ದರಿಂದಲೇ ತಪ್ಪು ಖರೀದಿಗಳು ಆಗುತ್ತವೆ.

ಎಲ್ಲ ಕಿರಣಗಳಿಗೂ ಒಂದೇ ಬೇಲಿ

ಬೆಳಕು ಯಾವ ವೇಷ ಹಾಕಿದರೂ ವಿವರ್ತನೆಯಿಂದ, ಅಂದರೆ ಅಲೆಯಾದ್ದರಿಂದ ತಾನಾಗಿ ಹರಡುವ ಗುಣದಿಂದ, ತಪ್ಪಿಸಿಕೊಳ್ಳುವುದಿಲ್ಲ. ಕಿರಣ ಹೊರಡುವ ಮಸೂರದ ಬಾಯಿ ಎಷ್ಟು ಅಗಲ ಎನ್ನುವುದೇ ಕೊನೆಗೆ ಎಲ್ಲವನ್ನೂ ತೀರ್ಮಾನಿಸುತ್ತದೆ. ಲೆಕ್ಕ ಸುಲಭ: ಬಾಯಿಯ ತ್ರಿಜ್ಯದ ವರ್ಗವನ್ನು ತರಂಗಾಂತರದಿಂದ ಭಾಗಿಸಿ. ಬರುವ ಉದ್ದವೇ ಬೇಲಿ. ಆ ಉದ್ದದೊಳಗೆ ಬೆಳಕನ್ನು ಬೇಕಾದ ಹಾಗೆ ಮಡಿಸಬಹುದು, ಚೂಪು ಮಾಡಬಹುದು, ಉಂಗುರ ಕಟ್ಟಬಹುದು. ಅದರಾಚೆ ಸ್ವಲ್ಪ ದೂರದವರೆಗೆ ಕುಂಟಿಕೊಂಡು ಹೋಗಬಹುದು. ಬಹಳ ಆಚೆ ಹೋದರೆ ಯಾವ ರಚನೆಗೂ ಬೆಲೆಯಿಲ್ಲ, ಎಲ್ಲ ಕಿರಣಗಳೂ ಕೋನದಲ್ಲಿ ಹರಡುತ್ತವೆ.

ಹೀಲಿಯಂ-ನಿಯಾನ್ ಲೇಸರಿನ ತರಂಗಾಂತರ 633 ನ್ಯಾನೋಮೀಟರ್. 5 ಸೆಂಟಿಮೀಟರ್ ವ್ಯಾಸದ ಬಾಯಿಗೆ ಬೇಲಿ ಸುಮಾರು 1 ಕಿಲೋಮೀಟರ್. ವ್ಯಾಸ 10 ಸೆಂಟಿಮೀಟರ್ ಆದರೆ 4 ಕಿಲೋಮೀಟರ್. ವ್ಯಾಸ 1 ಸೆಂಟಿಮೀಟರ್ ಮಾತ್ರವಾದರೆ ಬರೀ 40 ಮೀಟರ್. ಈ ಮೂರು ಅಂಕಿ ನೆನಪಿದ್ದರೆ "ನಮ್ಮ ಪುಟ್ಟ ಸಾಧನ ಕಿಲೋಮೀಟರುಗಟ್ಟಲೆ ಹರಡದ ಕಿರಣ ಕೊಡುತ್ತದೆ" ಎಂದು ಯಾರಾದರೂ ಹೇಳಿದಾಗ ಕೇಳಬೇಕಾದ ಪ್ರಶ್ನೆ ತಾನಾಗಿ ಹೊಳೆಯುತ್ತದೆ: ಬಾಯಿ ಎಷ್ಟು ಅಗಲ ಸ್ವಾಮಿ?

ಬೇಲಿಯಾಚೆ ಏನಾಗುತ್ತದೆ ಎಂಬುದಕ್ಕೆ ಬಾಹ್ಯಾಕಾಶವೇ ಸಾಕ್ಷಿ. ಗುರುತ್ವ ಅಲೆಗಳನ್ನು ಹಿಡಿಯಲು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಕಟ್ಟುತ್ತಿರುವ ಲೀಸಾ ಯೋಜನೆಯಲ್ಲಿ ನೌಕೆಗಳ ನಡುವಿನ ಅಂತರ 25 ಲಕ್ಷ ಕಿಲೋಮೀಟರ್, ದೂರದರ್ಶಕದ ಬಾಯಿ ಸುಮಾರು 30 ಸೆಂಟಿಮೀಟರ್. ಒಂದು ನೌಕೆಯಿಂದ ಹೊರಟ ಸುಮಾರು 2 ವ್ಯಾಟ್ ಬೆಳಕು ಇನ್ನೊಂದನ್ನು ಮುಟ್ಟುವ ಹೊತ್ತಿಗೆ ಹಲವು ಕಿಲೋಮೀಟರ್ ಅಗಲಕ್ಕೆ ಹರಡಿರುತ್ತದೆ. ಅಲ್ಲಿನ ದೂರದರ್ಶಕಕ್ಕೆ ಸಿಗುವುದು ಕೆಲವು ನೂರು ಪಿಕೋವ್ಯಾಟ್ (ಒಂದು ಪಿಕೋವ್ಯಾಟ್ ಅಂದರೆ ವ್ಯಾಟಿನ ಲಕ್ಷ ಕೋಟಿಯಲ್ಲೊಂದು ಪಾಲು). ಜಗತ್ತಿನ ಜಾಣ ಆಪ್ಟಿಕ್ಸ್ ಎಂಜಿನಿಯರುಗಳು ಅಲ್ಲಿ ಬೆಸೆಲ್ ಕಿರಣವನ್ನು ಹಾಕಿಲ್ಲ. ಲೇಸರಿನ ಸಹಜ ರೂಪವಾದ ಸಾದಾ ಗಾಸಿಯನ್ ಕಿರಣ, ಒಳ್ಳೆಯ ದೂರದರ್ಶಕ, ಅಷ್ಟೇ.

ಗಾಸಿಯನ್: ಹಳೆಯ ಎತ್ತು

ಲೇಸರಿನಿಂದ ತಾನಾಗಿ ಹೊರಡುವುದು ಬಹುಪಾಲು ಗಾಸಿಯನ್ ಕಿರಣವೇ. ನಡುವೆ ಗಟ್ಟಿ, ಅಂಚಿಗೆ ಹೋಗುತ್ತಾ ನಯವಾಗಿ ತೆಳುವಾಗುವ ಬೆಳಕು. ಇದರ ಸ್ವಭಾವವೇನೆಂದರೆ, ಸೊಂಟ (ಕಿರಣ ಅತಿ ತೆಳುವಾಗಿರುವ ಜಾಗ) ಸಣ್ಣದಾದಷ್ಟೂ ಬೇಗ ಹರಡುತ್ತದೆ. 1 ಮಿಲಿಮೀಟರ್ ತ್ರಿಜ್ಯಕ್ಕೆ ಹರಡುವ ಅರ್ಧಕೋನ 0.2 ಮಿಲಿರೇಡಿಯನ್, ಅಂದರೆ ಪ್ರತಿ ಮೀಟರಿಗೆ 0.2 ಮಿಲಿಮೀಟರ್. ಅದನ್ನೇ ಹತ್ತು ಪಟ್ಟು ಹಿಗ್ಗಿಸುವ ಬೀಮ್ ಎಕ್ಸ್‌ಪಾಂಡರ್ ಮೂಲಕ ಬಿಟ್ಟರೆ 0.02 ಮಿಲಿರೇಡಿಯನ್. ಕಿರಣ ಒಂದೇ ದಪ್ಪದಲ್ಲಿ ಹೋಗುವ ದೂರ ಮಾತ್ರ ಹತ್ತಲ್ಲ, ನೂರು ಪಟ್ಟು ಹೆಚ್ಚುತ್ತದೆ: 5 ಮೀಟರ್ ಇದ್ದದ್ದು ಸುಮಾರು 500 ಮೀಟರ್ ಆಗುತ್ತದೆ. ದೂರದ ಕೆಲಸಕ್ಕೆ ಇದಕ್ಕಿಂತ ಅಗ್ಗದ, ನಂಬಿಕಸ್ತ ಉಪಾಯ ಇನ್ನೊಂದಿಲ್ಲ.

ಒಂದು ನಿಗದಿತ ದೂರದವರೆಗೆ ಗಾಸಿಯನ್ ಕಿರಣವನ್ನು ಆದಷ್ಟು ತೆಳುವಾಗಿ ಒಯ್ಯಬೇಕಾದರೆ ಹೊರಡುವ ಗಾತ್ರಕ್ಕೂ ಒಂದು ಸೂಕ್ತ ಅಳತೆಯಿದೆ. 100 ಮೀಟರಿಗೆ ಅದು ಸುಮಾರು 4.5 ಮಿಲಿಮೀಟರ್ ತ್ರಿಜ್ಯ. ಆ ತುದಿಯಲ್ಲಿ 6.3 ಮಿಲಿಮೀಟರ್ ಆಗಿರುತ್ತದೆ. ಅಂದರೆ ವ್ಯಾಸ ಸುಮಾರು 13 ಮಿಲಿಮೀಟರ್. 1 ಕಿಲೋಮೀಟರಿಗೆ ಹೊರಡುವಾಗ 14 ಮಿಲಿಮೀಟರ್ ತ್ರಿಜ್ಯ, ತಲುಪುವಾಗ 20. ಇದಕ್ಕಿಂತ ಬಹಳ ತೆಳುವಾದ ಗೆರೆ ಬೇಕೆಂದರೆ ಗಾಸಿಯನ್ ಕೈಚೆಲ್ಲುತ್ತದೆ.

ಇಲ್ಲೊಂದು ಪಕ್ಕದ ಮಾತು. "ನನ್ನ ಲೇಸರ್ ತೀರಾ ಹರಡುತ್ತದೆ, ಬೆಸೆಲ್‌ಗೆ ಹೋಗಬೇಕು" ಎನ್ನುವವರ ಬಳಿ ನೋಡಿದರೆ ಎಷ್ಟೋ ಸಲ ತಪ್ಪು ಕಿರಣದ ಜಾತಿಯದ್ದಲ್ಲ, ಗುಣಮಟ್ಟದ್ದು. ಎಂ-ಸ್ಕ್ವೇರ್ಡ್ ಎಂಬ ಅಳತೆ 1ಕ್ಕೆ ಹತ್ತಿರವಿದ್ದರೆ ಕಿರಣ ವಿವರ್ತನೆಯ ಮಿತಿಯಲ್ಲೇ ಹರಡುತ್ತದೆ. ಅದು 10 ಇದ್ದರೆ ಹರಡುವಿಕೆಯೂ ಹತ್ತು ಪಟ್ಟು. ಹಲವು ಆಕಾರಗಳ ಬೆಳಕನ್ನು ಬೆರೆಸಿ ಬಿಡುವ ಅಗ್ಗದ ಮಲ್ಟಿಮೋಡ್ ಡಯೋಡಿನ ಮುಂದೆ ಯಾವ ಆಕ್ಸಿಕಾನ್ (ಬೆಸೆಲ್ ಕಟ್ಟುವ ಗಾಜು) ಇಟ್ಟರೂ ಸೊಗಸಾದ ಉಂಗುರ ಬರುವುದಿಲ್ಲ. ಮೊದಲು ಸಿಂಗಲ್ ಮೋಡ್ ಫೈಬರ್ ಮೂಲಕ ಬೆಳಕನ್ನು ಹಾಯಿಸಿ ಶುದ್ಧ ಮಾಡಿ, ಆಮೇಲೆ ಮಾತಾಡೋಣ.

ಬೆಸೆಲ್: ಉಂಗುರಗಳ ಬಡ್ಡಿಯಲ್ಲಿ ಬದುಕುವ ತಿರುಳು

ಶಂಕುವಿನಾಕಾರದ ಗಾಜು ಆಕ್ಸಿಕಾನ್. ಅದನ್ನು ಮೆಕ್ಲಿಯಾಡ್ 1954ರಲ್ಲೇ ವಿವರಿಸಿದ್ದರು. "ವಿವರ್ತನೆ ಇಲ್ಲದ ಕಿರಣ" ಎಂಬ ಮಾತು ದೊಡ್ಡ ಸುದ್ದಿಯಾದದ್ದು 1987ರಲ್ಲಿ, ಡರ್ನಿನ್, ಮಿಸೆಲಿ ಮತ್ತು ಎಬರ್ಲಿ ಬೆಸೆಲ್ ಕಿರಣವನ್ನು ಪ್ರಯೋಗದಲ್ಲಿ ತೋರಿಸಿದಾಗ. ಹೆಸರು ಕೇಳಿ ಮ್ಯಾಜಿಕ್ ಅನಿಸಿದರೂ ಒಳಗಿರುವುದು ಸರಳ ವ್ಯತಿಕರಣ, ಅಂದರೆ ಬೆಳಕಿನ ಅಲೆಗಳು ಒಂದರ ಮೇಲೊಂದು ಕೂಡುವುದು. ಬಾಯಿಯ ಎಲ್ಲ ಭಾಗಗಳಿಂದಲೂ ಬೆಳಕು ಒಂದೇ ಸಣ್ಣ ಕೋನದಲ್ಲಿ ಅಕ್ಷದ ಕಡೆಗೆ ವಾಲುತ್ತದೆ. ಒಳಭಾಗದ ಬೆಳಕು ಹತ್ತಿರದಲ್ಲೇ ಅಕ್ಷವನ್ನು ದಾಟುತ್ತದೆ, ಹೊರ ಅಂಚಿನದು ದೂರದಲ್ಲಿ. ಹೀಗೆ ಅಕ್ಷದ ಮೇಲಿನ ಪ್ರತಿ ಜಾಗಕ್ಕೂ ಹೊಸ ಬೆಳಕು ಬಂದು ತಿರುಳನ್ನು ಕಟ್ಟುತ್ತಲೇ ಇರುತ್ತದೆ. ತಿರುಳಿನ ಬೆಳಕು ಮುಂದೆ ಹೋಗುತ್ತಿಲ್ಲ, ಪ್ರತಿ ಹೆಜ್ಜೆಗೂ ಬದಲಾಗುತ್ತಿದೆ. ಉಂಗುರಗಳು ಅದರ ಖಜಾನೆ.

ಖಜಾನೆ ಖಾಲಿಯಾದಲ್ಲಿಗೆ ಕಿರಣವೂ ಮುಗಿಯಿತು. 5 ಸೆಂಟಿಮೀಟರ್ ಬಾಯಿಯಿಂದ 100 ಮೀಟರ್ ಗೆರೆ ಬೇಕೆಂದರೆ ವಾಲುವ ಕೋನ 0.25 ಮಿಲಿರೇಡಿಯನ್ ಇರಬೇಕು. ಆಗ ತಿರುಳಿನ ವ್ಯಾಸ ಸುಮಾರು 1.9 ಮಿಲಿಮೀಟರ್. ಉದ್ದಕ್ಕೂ ಅಷ್ಟೇ! ಗಾಸಿಯನ್‌ನ 13 ಮಿಲಿಮೀಟರ್ ಎಲ್ಲಿ, ಇದೆಲ್ಲಿ. ಆದರೆ ಆ ಬಾಯಿಯಲ್ಲಿ ಸುಮಾರು ಇಪ್ಪತ್ತು ಉಂಗುರಗಳಿರುತ್ತವೆ, ಪ್ರತಿ ಉಂಗುರದಲ್ಲೂ ಹೆಚ್ಚುಕಡಿಮೆ ತಿರುಳಿನಷ್ಟೇ ಶಕ್ತಿಯಿರುತ್ತದೆ. ಅಂದರೆ ತಿರುಳಿನ ಪಾಲಿಗೆ ಬರುವುದು ನೂರಕ್ಕೆ ಐದು. ಕ್ಯಾಮೆರಾ ಸೆನ್ಸರಿಗೆ ಅಷ್ಟು ಧಾರಾಳ. ಶಕ್ತಿ ಸಾಗಿಸುವವರಿಗೆ ದಿವಾಳಿ.

ಇನ್ನೊಂದು ಸಂಗತಿಯನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ತಿರುಳಿನ ದಪ್ಪ ಒಂದೇ ಸಮ ಇದ್ದರೂ ಹೊಳಪು ಒಂದೇ ಸಮ ಇರುವುದಿಲ್ಲ. ಗಾಸಿಯನ್ ಬೆಳಕನ್ನು ಆಕ್ಸಿಕಾನ್‌ಗೆ ಬಿಟ್ಟರೆ ಅಕ್ಷದ ಹೊಳಪು ಮೊದಲು ಏರಿ, ಅರ್ಧ ದಾರಿಯ ಆಸುಪಾಸಿನಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಕ್ಯಾಮೆರಾದ ಎಕ್ಸ್‌ಪೋಷರ್ ಜಾಗದಿಂದ ಜಾಗಕ್ಕೆ ಬದಲಿಸಬೇಕಾಗುತ್ತದೆ.

"ತಾನೇ ವಾಸಿಯಾಗುವ" ಗುಣ ನಿಜವಾದದ್ದೇ, ಲೆಕ್ಕಕ್ಕೂ ಸಿಗುತ್ತದೆ. ಮೇಲಿನ ಕಿರಣದ ನಡುವೆ 1 ಮಿಲಿಮೀಟರ್ ತ್ರಿಜ್ಯದ ಅಡ್ಡಿ ಬಂದರೆ ಅದರ ನೆರಳು ಸುಮಾರು 4 ಮೀಟರ್ ಹೋಗುತ್ತದೆ. ಅಲ್ಲಿಂದಾಚೆ ಹೊರ ಉಂಗುರಗಳ ಬೆಳಕು ಬಂದು ತಿರುಳನ್ನು ಮತ್ತೆ ಕಟ್ಟುತ್ತದೆ. ಅಡ್ಡಿ ಹತ್ತು ಪಟ್ಟು ದೊಡ್ಡದಾದರೆ ನೆರಳು 40 ಮೀಟರ್. ಆದರೆ ಈ ವಾಸಿಯ ಖರ್ಚು ಹೊರಗಿನ ಉಂಗುರಗಳದ್ದು, ಆದ್ದರಿಂದ 2 ಮಿಲಿಮೀಟರ್ ತಿರುಳಿಗಾಗಿ 5 ಸೆಂಟಿಮೀಟರ್ ದಾರಿಯನ್ನು ಖಾಲಿ ಬಿಡಬೇಕು. ಕಿರಿದಾದ ಕೊಳವೆಯಲ್ಲಿ ಒಂದು ಪಕ್ಕ ಮಾತ್ರ ಉಂಗುರಗಳು ಗೋಡೆಗೆ ತಾಗಿದರೆ ತಿರುಳು ಓರೆಗೆ ಸರಿಯುತ್ತದೆ. ಅಳೆಯುವವನಿಗೆ ಅದು ಗೊತ್ತೂ ಆಗುವುದಿಲ್ಲ. ನನ್ನ ಪ್ರಕಾರ ಬೆಸೆಲ್ ಕಿರಣದ ಅತ್ಯಂತ ಅಪಾಯಕಾರಿ ತಪ್ಪು ಇದೇ, ಏಕೆಂದರೆ ಚಿತ್ರ ನೋಡಲು ಚೆನ್ನಾಗಿಯೇ ಇರುತ್ತದೆ.

ಒಂದೇ ಬಾಯಿ ಕೊಟ್ಟು ಕುಸ್ತಿಗೆ ಬಿಟ್ಟರೆ

ಹೋಲಿಕೆ ನ್ಯಾಯವಾಗಿರಬೇಕಾದರೆ ಇಬ್ಬರಿಗೂ ಒಂದೇ ಅಖಾಡ ಕೊಡಬೇಕು. ತೆಳು ಗಾಸಿಯನ್ ಕಿರಣದ ಪಕ್ಕದಲ್ಲಿ ದೊಡ್ಡ ಬಾಯಿಯ ಬೆಸೆಲ್ ಇಟ್ಟು "ನೋಡಿ ಹೇಗೆ ಗೆದ್ದಿತು" ಎಂದು ತೋರಿಸುವ ಚಿತ್ರಗಳು ಮೋಸವಲ್ಲದಿದ್ದರೂ ಅರೆಸತ್ಯ.

ಅದೇ 5 ಸೆಂಟಿಮೀಟರ್ ಬಾಯಿಯನ್ನು ಗಾಸಿಯನ್‌ಗೆ ಕೊಡಿ. 12.5 ಮಿಲಿಮೀಟರ್ ತ್ರಿಜ್ಯದ ಕಿರಣವನ್ನು 100 ಮೀಟರ್ ದೂರಕ್ಕೆ ಫೋಕಸ್ ಮಾಡಿ. ಅಲ್ಲಿ ಬೀಳುವ ಬೊಟ್ಟು 3.2 ಮಿಲಿಮೀಟರ್ ವ್ಯಾಸದ್ದು, ಹೊರಟ ಬೆಳಕು ಬಹುಪಾಲು ಅದರಲ್ಲೇ ಇರುತ್ತದೆ. ಬೆಸೆಲ್‌ನ ತಿರುಳು 1.9 ಮಿಲಿಮೀಟರ್, ನೂರಕ್ಕೆ ಐದು ಪಾಲು ಬೆಳಕು. ಬೊಟ್ಟಿನ ಕೆಲಸಕ್ಕೆ ಯಾರು ಗೆದ್ದರು ಎಂಬುದರಲ್ಲಿ ಅನುಮಾನವೇ ಬೇಡ.

ಈಗ ಗೆರೆಯ ಪರೀಕ್ಷೆ. ಫೋಕಸ್ ಮಾಡಿದ ಗಾಸಿಯನ್ ಚೂಪಾಗಿರುವುದು 100 ಮೀಟರಿನ ಹಿಂದೆ ಮುಂದೆ ಹದಿಮೂರು ಮೀಟರಿನಷ್ಟು ಮಾತ್ರ. ಅರ್ಧ ದಾರಿಯಲ್ಲಿ, 50 ಮೀಟರಿನಲ್ಲಿ, ಅದು 13 ಮಿಲಿಮೀಟರ್ ಅಗಲ. ಹೊರಡುವ ಕಡೆ 25. ಬೆಸೆಲ್ ಮಾತ್ರ ದಾರಿಯುದ್ದಕ್ಕೂ ಅದೇ 1.9 ಮಿಲಿಮೀಟರ್. ನಡುವಿನ ಮೂವತ್ತು ಕಡೆಗಳಲ್ಲಿ ಒಂದೇ ಕ್ಯಾಮೆರಾ ಇಟ್ಟು ಅಳೆಯಬೇಕಾದವರಿಗೆ ಇಡೀ ಪುರಾಣದ ಸಾರ ಇಷ್ಟೇ: ಒಂದು ಅಂಗುಲದ ಸೆನ್ಸರಿನ ಅಗಲವೇ ಸುಮಾರು 13 ಮಿಲಿಮೀಟರ್. ಅದರಲ್ಲಿ ಬೆಸೆಲ್ ತಿರುಳು ಮತ್ತು ನಾಲ್ಕೈದು ಉಂಗುರ ಆರಾಮವಾಗಿ ಹಿಡಿಸುತ್ತವೆ. ಗಾಸಿಯನ್ ಬಿಲ್ಲೆ ಅಂಚು ದಾಟಿ ಚೆಲ್ಲುತ್ತದೆ, ಚೆಲ್ಲಿದ ಕಡೆಯಿಂದ ನಡುಬಿಂದುವಿನ ಲೆಕ್ಕ ಕೆಡುತ್ತದೆ.

ಬೇಕೆಂದೇ ಕೆಡಿಸಿದ ಮಸೂರ

ಹಾಗಾದರೆ ನೂರಾರು ಮೀಟರಿಗೆ ಆಕ್ಸಿಕಾನ್ ಕೊಂಡರೆ ಸಾಕೇ? ಇಲ್ಲಿ ತಯಾರಿಕೆ ಕೈಕೊಡುತ್ತದೆ. 0.25 ಮಿಲಿರೇಡಿಯನ್ ವಾಲಬೇಕಾದರೆ ಗಾಜಿನ ಶಂಕುವಿನ ಇಳಿಜಾರು ಸುಮಾರು 0.03 ಡಿಗ್ರಿ ಮಾತ್ರ ಇರಬೇಕು. ಅದು ಶಂಕುವಲ್ಲ, ಹೆಚ್ಚುಕಡಿಮೆ ಚಪ್ಪಟೆ ಗಾಜು. ತುದಿ ಸ್ವಲ್ಪ ದುಂಡಗಾದರೂ ಹತ್ತಿರದ ಭಾಗದ ಗೆರೆಯಲ್ಲಿ ಏರಿಳಿತ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಸುಲಭದ ದಾರಿ ಕಡಿದಾದ ಆಕ್ಸಿಕಾನ್‌ನ ಮುಂದೆ ದೂರದರ್ಶಕ ಇಟ್ಟು ಹಿಗ್ಗಿಸುವುದು. 1 ಡಿಗ್ರಿಯ ಸಾಮಾನ್ಯ ಆಕ್ಸಿಕಾನ್, 5 ಮಿಲಿಮೀಟರ್ ತ್ರಿಜ್ಯದ ಕಿರಣ: ಗೆರೆಯ ಉದ್ದ ಬರೀ 57 ಸೆಂಟಿಮೀಟರ್. ಹತ್ತು ಪಟ್ಟು ಹಿಗ್ಗಿಸಿದರೆ ಕಿರಣ ಹತ್ತು ಪಟ್ಟು ಅಗಲ, ಕೋನ ಹತ್ತರಲ್ಲೊಂದು, ಗೆರೆ 57 ಮೀಟರ್. ಕೋನದ ಲೆಕ್ಕ ಹಿಡಿತಕ್ಕೆ ಬಂತು, ಆದರೆ ಬಾಯಿ ಈಗ 10 ಸೆಂಟಿಮೀಟರ್. ಬೇಲಿ ಎಲ್ಲೂ ಹೋಗಿಲ್ಲ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಮಸೂರ ಮಾಡುವವರು ನೂರಾರು ವರ್ಷ ಶಪಿಸಿಕೊಂಡು ಬಂದ ದೋಷ ಗೋಳೀಯ ವಿಪಥನ: ಮಸೂರದ ಅಂಚಿನ ಬೆಳಕು ಒಂದು ಕಡೆ ಸೇರುತ್ತದೆ, ನಡುವಿನದು ಇನ್ನೊಂದು ಕಡೆ. ಅದನ್ನೇ ಬೇಕೆಂದು ಹೆಚ್ಚಿಸಿದರೆ? ಅಂಚಿನ ವಲಯ ಹತ್ತಿರದಲ್ಲಿ ಅಕ್ಷ ದಾಟುತ್ತದೆ, ಒಳಗಿನ ವಲಯಗಳು ದೂರದಲ್ಲಿ, ಇನ್ನೂ ಒಳಗಿನವು ಇನ್ನೂ ದೂರದಲ್ಲಿ. ಬೆಸೆಲ್‌ನಂತೆಯೇ ತಿರುಳು, ಉಂಗುರ ಎರಡೂ ಕಟ್ಟಿಕೊಳ್ಳುತ್ತವೆ. ಬೆಸೆಲ್‌ಗೆ ಇರುವಂಥ ಕತ್ತರಿಸಿದ ಕೊನೆ ಇಲ್ಲ. ಬದಲಿಗೆ ತಿರುಳು ದೂರ ಹೋದಂತೆ ನಿಧಾನವಾಗಿ ದಪ್ಪವಾಗುತ್ತದೆ.

ಈ ಕುಟುಂಬಕ್ಕೆ ಹೆಸರು ತಂದದ್ದು ಯುರೋಪಿನ ಕಣಭೌತಶಾಸ್ತ್ರದ ಸೆರ್ನ್ ಪ್ರಯೋಗಾಲಯ ಮತ್ತು ಚೆಕ್ ವಿಜ್ಞಾನ ಅಕಾಡೆಮಿಯ ಪ್ಲಾಸ್ಮಾ ಭೌತಶಾಸ್ತ್ರ ಸಂಸ್ಥೆ ಸೇರಿ ಬೆಳೆಸಿದ ಕಿರಣ. ಅದನ್ನು ಅವರು ಕರೆಯುವುದೂ ಸ್ಟ್ರಕ್ಚರ್ಡ್ ಲೇಸರ್ ಬೀಮ್ ಎಂದೇ. ಕಾರಣ ಊಹಿಸುವುದು ಕಷ್ಟವಲ್ಲ. 27 ಕಿಲೋಮೀಟರ್ ಸುತ್ತಳತೆಯ ವೇಗವರ್ಧಕ ಇಟ್ಟುಕೊಂಡವರಿಗೆ ಅಯಸ್ಕಾಂತಗಳನ್ನು ಸಾಲಿಗೆ ತರುವುದೇ ನಿತ್ಯದ ಪೂಜೆ. ಮುಂದಿನ ರೇಖೀಯ ವೇಗವರ್ಧಕಗಳಿಗಂತೂ 200 ಮೀಟರ್ ಉದ್ದದಲ್ಲಿ ಹತ್ತಿಪ್ಪತ್ತು ಮೈಕ್ರೋಮೀಟರ್ ಮಟ್ಟದ ನೇರ ಬೇಕೆಂಬ ಗುರಿಯಿದೆ.

ಉದ್ದ ಮೊದಲೇ ಖಚಿತವಾಗಿದ್ದು ತಿರುಳು ಒಂದೇ ದಪ್ಪ ಇರಲೇಬೇಕಾದರೆ ಆಕ್ಸಿಕಾನ್‌ನ ಬೆಸೆಲ್. ಉದ್ದ ಬದಲಾಗುತ್ತಿರುವ, ಇವತ್ತು 60 ಮೀಟರ್ ನಾಳೆ 150 ಎನ್ನುವ ಕೆಲಸಕ್ಕೆ ವಿಪಥನದ ಕಿರಣ. ಮೇಲಾಗಿ ಇಲ್ಲಿ ಸಾಧನ ಚಿಕ್ಕದು, ಸಾಮಾನ್ಯ ಮಸೂರಗಳದ್ದು.

ಹಳೆಯ ಎರಡು ಉಪಾಯಗಳು

ಹೊಸದರ ಹಿಂದೆ ಬೀಳುವ ಮೊದಲು ಹಳೆಯದನ್ನೂ ಒಮ್ಮೆ ನೋಡಬೇಕು. ಸ್ಟ್ಯಾನ್‌ಫರ್ಡಿನ 3 ಕಿಲೋಮೀಟರ್ ಉದ್ದದ ರೇಖೀಯ ವೇಗವರ್ಧಕವನ್ನು 1960ರ ದಶಕದಲ್ಲಿ ಕಟ್ಟಿದವರು ವೇಗವರ್ಧಕದ ಕೆಳಗೇ ಸುಮಾರು 60 ಸೆಂಟಿಮೀಟರ್ ವ್ಯಾಸದ ಅಲ್ಯೂಮಿನಿಯಂ ಕೊಳವೆ ಹಾಸಿ ಅದರ ಗಾಳಿ ತೆಗೆದರು. ಒಂದು ತುದಿಯಲ್ಲಿ ಲೇಸರ್. ದಾರಿಯಲ್ಲಿ ಸುಮಾರು 300 ಕಡೆ ಮಡಚಿಡುವ ಫ್ರೆನೆಲ್ ಗುರಿಗಳು. ಯಾವ ಜಾಗ ಅಳೆಯಬೇಕೋ ಅಲ್ಲಿನ ಗುರಿಯನ್ನು ಮಾತ್ರ ಕಿರಣದೊಳಗೆ ಎತ್ತಿದರೆ ಅದು ಮಸೂರದಂತೆ ವರ್ತಿಸಿ ಇನ್ನೊಂದು ತುದಿಯಲ್ಲಿ ಚೂಪಾದ ಗುರುತು ಮೂಡಿಸುತ್ತದೆ. ಕಿರಣ ತೆಳುವಾಗಿರಬೇಕಾದ ಗೋಜೇ ಇಲ್ಲ, ಹರಡಿಕೊಂಡೇ ಹೋಗಲಿ. ಚೂಪನ್ನು ಕೊಡುವುದು ಗುರಿ. ಗುರಿಗಳು ಸ್ಥಿರವಾಗಿ ಕೂರುವ ಕಟ್ಟಡವಾದರೆ ಇಂದಿಗೂ ಇದಕ್ಕೆ ಸಾಟಿ ಕಡಿಮೆ.

ಎರಡನೆಯದು ಪಾಯಿಸನ್ ಚುಕ್ಕೆ. ಬೆಳಕು ಅಲೆಯಾದರೆ ದುಂಡು ತಡೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಬರಬೇಕಲ್ಲ ಎಂದು ಪಾಯಿಸನ್ ಫ್ರೆನೆಲ್‌ನ ವಾದವನ್ನು ಗೇಲಿ ಮಾಡಿದ. ಅರಾಗೋ ಪ್ರಯೋಗ ಮಾಡಿ ನೋಡಿದರೆ ಚುಕ್ಕೆ ಅಲ್ಲಿತ್ತು. ಅಗಲ ಕಿರಣದ ನಡುವೆ ಒಂದು ಉಕ್ಕಿನ ಗುಂಡು ಇಟ್ಟರೆ ಅದರ ಹಿಂದೆ ಅಕ್ಷದುದ್ದಕ್ಕೂ ತೆಳುವಾದ ಬೆಳಕಿನ ಗೆರೆ ಸಿಗುತ್ತದೆ. ಗುಂಡು ಪೂರ್ತಿ ದುಂಡಗಿರಬೇಕು, ಅಷ್ಟೇ ಷರತ್ತು. ಬೆಸೆಲ್‌ನ ಬಡ ನೆಂಟ ಎನ್ನಬಹುದು.

ಉಳಿದವು

ವೋರ್ಟೆಕ್ಸ್ ಕಿರಣಗಳನ್ನು ಕಡಿಮೆ ಹರಡುವಿಕೆಗಾಗಿ ಕೊಳ್ಳಬೇಡಿ. ಸುರುಳಿಯ ಸಂಖ್ಯೆ (ಒಂದು ತರಂಗಾಂತರದಲ್ಲಿ ಸುರುಳಿಯ ಎಷ್ಟು ಎಳೆಗಳಿವೆ ಎಂಬುದು) ಹೆಚ್ಚಿದಂತೆ ಅವು ಹೆಚ್ಚು ಹರಡುತ್ತವೆ. ಸಂಖ್ಯೆ 3 ಆದರೆ ಅದೇ ಸೊಂಟದ ಗಾಸಿಯನ್‌ಗಿಂತ ಎರಡು ಪಟ್ಟು ಅಗಲ, ನಡುವೆ ತೂತು ಬೇರೆ. ಅವುಗಳ ಬೆಲೆ ಮಾಹಿತಿ ಹೊರುವುದರಲ್ಲಿದೆ. ವಿಯೆನ್ನಾದ ಸಂಶೋಧಕರು 2014ರಲ್ಲಿ ನಗರದ ಮೇಲೆ 3 ಕಿಲೋಮೀಟರ್, 2016ರಲ್ಲಿ ಲಾ ಪಾಲ್ಮಾ ಮತ್ತು ಟೆನೆರಿಫ್ ದ್ವೀಪಗಳ ನಡುವೆ 143 ಕಿಲೋಮೀಟರ್ ಇವನ್ನು ಕಳಿಸಿದ್ದಾರೆ. ಅಲ್ಲಿ ಕಿರಣ ತೆಳುವಾಗಿ ಉಳಿದಿರಲಿಲ್ಲ. ಪರದೆಯ ಮೇಲೆ ಬಿದ್ದ ದಳದಳದ ಚಿತ್ರವನ್ನು ಕ್ಯಾಮೆರಾ ಹಿಡಿದು ನ್ಯೂರಲ್ ನೆಟ್‌ವರ್ಕ್ ಗುರುತಿಸಿತು. ಏರಿ ಕಿರಣ ಬಾಗುತ್ತದೆ, ನೇರ ಅಳೆಯಲು ಹೊರಟವರಿಗೆ ಅದು ಬೇಡವೇ ಬೇಡ. ಅಗಲಕ್ಕೂ ಒಂದೇ ಹೊಳಪಿರುವ ಫ್ಲಾಟ್-ಟಾಪ್ ಕಿರಣ ಹತ್ತಿರದಲ್ಲಿ ಚೆಂದ, ದೂರ ಹೋದರೆ ಚಪ್ಪಟೆತನ ಕಳೆದುಕೊಳ್ಳುತ್ತದೆ.

ನಿಜವಾದ ಎದುರಾಳಿ ಗಾಳಿ

ಇಷ್ಟು ಹೊತ್ತು ಮಾತಾಡಿದ್ದೆಲ್ಲ ನಿರ್ವಾತದ ಮಾತು. ಗಾಳಿ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ, ಅನೇಕ ಕೆಲಸಗಳಲ್ಲಿ ಕಿರಣದ ಆಯ್ಕೆ ಗೌಣವಾಗುತ್ತದೆ.

ಗಾಳಿ 1 ಡಿಗ್ರಿ ಬಿಸಿಯಾದರೆ ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಗುಣದ ಅಳತೆ) ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲು ಇಳಿಯುತ್ತದೆ. ಸಣ್ಣದು ಅನಿಸುತ್ತದೆ. ಸುರಂಗದ ನೆಲದಿಂದ ಮೇಲಕ್ಕೆ ಹೋದಂತೆ ಪ್ರತಿ ಮೀಟರಿಗೆ 0.1 ಡಿಗ್ರಿ ವ್ಯತ್ಯಾಸವಿದೆ ಎಂದುಕೊಳ್ಳಿ. ಕಿರಣ ತಂಪಿನ ಕಡೆಗೆ ಬಾಗುತ್ತದೆ, 100 ಮೀಟರಿನಲ್ಲಿ ಅರ್ಧ ಮಿಲಿಮೀಟರ್ ಸರಿಯುತ್ತದೆ. ಬಾಗುವಿಕೆ ದೂರದ ವರ್ಗದಂತೆ ಬೆಳೆಯುವುದರಿಂದ 1 ಕಿಲೋಮೀಟರಿನಲ್ಲಿ 5 ಸೆಂಟಿಮೀಟರ್! ಬಿಸಿಲ್ಗುದುರೆ ಕಾಣಿಸುವುದೂ ಇದೇ ಕಾರಣಕ್ಕೆ. ಗಾಸಿಯನ್ ಆಗಲಿ ಬೆಸೆಲ್ ಆಗಲಿ ಇಡೀ ಕಿರಣವೇ ಒಟ್ಟಿಗೆ ಬಾಗುತ್ತದೆ, ರಚನೆಯಿಂದ ಯಾವ ರಕ್ಷಣೆಯೂ ಇಲ್ಲ. ತಿರುಳು ಎಷ್ಟು ಚೂಪು ಎಂದರೆ ತಪ್ಪು ಜಾಗವನ್ನೂ ಅಷ್ಟೇ ಚೂಪಾಗಿ ತೋರಿಸುತ್ತದೆ.

ಇನ್ನು ಗಾಳಿಯ ಕಲಕಾಟ. ಬಾಯಿಯ ಎಷ್ಟು ಅಗಲದವರೆಗೆ ಬೆಳಕಿನ ಅಲೆಯ ಮುಖ ಚಪ್ಪಟೆಯಾಗಿ ಉಳಿಯುತ್ತದೆ ಎಂಬುದಕ್ಕೆ ಫ್ರೈಡ್ ಉದ್ದ ಎನ್ನುತ್ತಾರೆ. ನೆಲದ ಹತ್ತಿರ ಸಾಧಾರಣ ಕಲಕಾಟದಲ್ಲಿ 1 ಕಿಲೋಮೀಟರ್ ದಾರಿಗೆ ಅದು 2-3 ಸೆಂಟಿಮೀಟರ್. ನಡುಹಗಲ ಬಿಸಿಲಿನಲ್ಲಿ 1 ಸೆಂಟಿಮೀಟರಿಗೂ ಕಡಿಮೆ. ಬೆಸೆಲ್ ಬದುಕುವುದೇ ಬಾಯಿಯ ಎಲ್ಲ ಭಾಗಗಳ ತಾಳಮೇಳದಿಂದ. 5 ಸೆಂಟಿಮೀಟರ್ ಬಾಯಿ, 1 ಸೆಂಟಿಮೀಟರಿಗೊಂದರಂತೆ ತಾಳ ತಪ್ಪಿದ ತುಂಡುಗಳು: ಉಂಗುರ ಒಡೆಯುತ್ತದೆ, ತಿರುಳು ಕುಣಿಯುತ್ತದೆ. "ವಾಸಿಯಾಗುವ" ಗುಣ ಧೂಳಿನ ಕಣಕ್ಕೆ, ತಂತಿಗೆ ಸರಿ. ದಾರಿಯುದ್ದಕ್ಕೂ ಕಲಕಿದ ಗಾಳಿಗೆ ಅದು ಮದ್ದಲ್ಲ. 1969ರಿಂದ ಚಂದ್ರನ ಮೇಲಿನ ಪ್ರತಿಫಲಕಗಳಿಗೆ ಲೇಸರ್ ಹೊಡೆಯುವವರಿಗೂ ಇದೇ ಕಾಟ. ಮೀಟರುಗಟ್ಟಲೆ ಅಗಲದ ದೂರದರ್ಶಕದಿಂದ ಹೊರಟ ಕಿರಣವೂ ವಾತಾವರಣದ ಕಲಕಾಟದಿಂದ ಚಂದ್ರನಲ್ಲಿ ಸುಮಾರು 2 ಕಿಲೋಮೀಟರ್ ಅಗಲವಾಗಿರುತ್ತದೆ.

ಹಾಗಾಗಿ ಬಯಲಿನಲ್ಲಿ ಕಿಲೋಮೀಟರ್ ದೂರಕ್ಕೆ ಸ್ಟ್ರಕ್ಚರ್ಡ್ ಕಿರಣದ ಮೇಲೆ ಖರ್ಚು ಮಾಡುವುದನ್ನು ನಾನು ಒಪ್ಪುವುದಿಲ್ಲ. ಆ ಖರ್ಚನ್ನು ಕೊಳವೆಗೆ, ಗಾಳಿ ತೆಗೆಯುವ ಪಂಪಿಗೆ, ಇಲ್ಲವೇ ರಾತ್ರಿ ಪಾಳಿಗೆ ಹಾಕಿ. ಕೊಳವೆ ಹಾಸಿ ಎರಡೂ ತುದಿ ಮುಚ್ಚಿದರೆ ಗಾಳಿ ಇದ್ದಾಗಲೂ ಬಹಳಷ್ಟು ಕುಣಿತ ನಿಲ್ಲುತ್ತದೆ. ಕೊಳವೆಯ ಮೇಲ್ಭಾಗ ಕೆಳಭಾಗದ ತಾಪ ಬೇರೆಯಾಗದಂತೆ ಮಾತ್ರ ನೋಡಿಕೊಳ್ಳಬೇಕು.

ಕೊಳ್ಳುವ ಮುಂಚೆ ಕೇಳಬೇಕಾದದ್ದು

ಸಾಧನ ಹೇಗೆ ಕಿರಣ ಕಟ್ಟುತ್ತದೆ ಎಂದು ಕೇಳಿ. ಸ್ಪೇಷಿಯಲ್ ಲೈಟ್ ಮಾಡ್ಯುಲೇಟರ್ ಎಂಬ ದ್ರವಸ್ಫಟಿಕದ ಪರದೆಯಲ್ಲಿ ಯಾವ ರಚನೆಯನ್ನಾದರೂ ಕ್ಷಣದಲ್ಲಿ ಬರೆಯಬಹುದು, ಪ್ರಯೋಗಾಲಯಕ್ಕೆ ಅದು ವರದಾನ. ಆದರೆ 1920×1080 ಪಿಕ್ಸೆಲ್, ಪ್ರತಿ ಪಿಕ್ಸೆಲ್ 8 ಮೈಕ್ರೋಮೀಟರ್ ಇರುವ ಪರದೆಯ ಕಿರು ಬದಿ 8.6 ಮಿಲಿಮೀಟರ್ ಮಾತ್ರ. ಮೇಲಿನ ಬೇಲಿ ಲೆಕ್ಕ ಹಾಕಿ: 30 ಮೀಟರೂ ಇಲ್ಲ. ಮುಂದೆ ಹಿಗ್ಗಿಸುವ ದೂರದರ್ಶಕ ಇಲ್ಲದಿದ್ದರೆ 100 ಮೀಟರಿನಲ್ಲಿ ರಚನೆ ಅನ್ನುವುದೇ ಇರುವುದಿಲ್ಲ. ದೂರದರ್ಶಕದ ತಪ್ಪುಗಳೂ ರಚನೆಯೊಳಗೆ ಸೇರಿಕೊಳ್ಳುತ್ತವೆ.

ಆಮೇಲೆ ನಿಲುವು. 10 ಸೆಂಟಿಮೀಟರ್ ಉದ್ದದ ಹಿಡಿಕೆಯ ಒಂದು ತುದಿ 1 ಮೈಕ್ರೋಮೀಟರ್ ಸರಿದರೆ ಕಿರಣ 10 ಮೈಕ್ರೋರೇಡಿಯನ್ ತಿರುಗುತ್ತದೆ, 100 ಮೀಟರ್ ಆಚೆ ಅದು 1 ಮಿಲಿಮೀಟರ್. ಬೆಸೆಲ್ ತಿರುಳಿನ ಅರ್ಧದಷ್ಟು! ಲೇಸರ್ ಬಿಸಿಯಾಗುವ ಮೊದಲ ಗಂಟೆಯಲ್ಲಿ ಇಷ್ಟು ಸರಿಯುವುದು ಸಾಮಾನ್ಯ ಸಂಗತಿ. ಆದ್ದರಿಂದ ಗೆರೆಯ ಎರಡೂ ತುದಿಗಳಲ್ಲಿ ಸ್ಥಿರ ಗುರುತು ಇಟ್ಟು, ನಡುವಿನದನ್ನು ಅವೆರಡಕ್ಕೆ ಹೋಲಿಸಿ ಓದುವ ವ್ಯವಸ್ಥೆ ಇಲ್ಲದ ಸಾಧನವನ್ನು, ಅದರ ಕಿರಣ ಎಷ್ಟೇ ಚೆಂದವಿರಲಿ, ವಾಪಸು ಕಳಿಸಿ.

ಬಣ್ಣದ ವಿಷಯ ಚಿಕ್ಕದು. ತರಂಗಾಂತರ ಕಡಿಮೆಯಾದಷ್ಟೂ ಹರಡುವಿಕೆ ಕಡಿಮೆ, ಹಸಿರು 532 ನ್ಯಾನೋಮೀಟರ್ ಕೆಂಪಿಗಿಂತ ಸ್ವಲ್ಪ ಮೇಲು. 1550ಕ್ಕೆ ಹೋದರೆ ಬೇಲಿ ಅರ್ಧಕ್ಕಿಂತ ಹತ್ತಿರ ಬರುತ್ತದೆ, ಸಾಮಾನ್ಯ ಸಿಲಿಕಾನ್ ಕ್ಯಾಮೆರಾಕ್ಕೆ ಅದು ಕಾಣುವುದೂ ಇಲ್ಲ.

ಕಣ್ಣಿನ ವಿಷಯ ಚಿಕ್ಕದಲ್ಲ. ಹರಡದ ಕಿರಣ ಅಂದರೆ ದೂರದಲ್ಲೂ ಅಪಾಯ ಕಳೆಗುಂದದ ಕಿರಣ. ಕಾಣುವ ಬೆಳಕಿನಲ್ಲಿ ಕ್ಲಾಸ್ 2 ಎಂಬ ಸುರಕ್ಷತಾ ವರ್ಗದ ಮಿತಿ 1 ಮಿಲಿವ್ಯಾಟ್. "ತಿರುಳಿನಲ್ಲಿ ಐದೇ ಪರ್ಸೆಂಟ್ ಇದೆ, ಏನಾಗಲ್ಲ" ಎನ್ನುವ ವಾದ ಕೇಳಿಬರುತ್ತದೆ. ಕತ್ತಲ ಸುರಂಗದಲ್ಲಿ ಹಿಗ್ಗಿದ ಕಣ್ಣಪಾಪೆ 7 ಮಿಲಿಮೀಟರ್ ಅಗಲವಿರುತ್ತದೆ. ಅದರೊಳಗೆ ತಿರುಳಿನ ಜೊತೆ ಎರಡು ಉಂಗುರಗಳೂ ಹೋಗುತ್ತವೆ, ಐದು ಪರ್ಸೆಂಟ್ ಹದಿನೈದಾಗುತ್ತದೆ. ಸಾಧನದ ಮೇಲಿನ ಚೀಟಿಯಲ್ಲಿ ತಿರುಳಿನ ಶಕ್ತಿ ಬರೆದಿದ್ದಾರೋ ಇಡೀ ಕಿರಣದ್ದೋ ಎಂದು ನೋಡಿಯೇ ಸ್ವಿಚ್ ಒತ್ತಿ.